ಕರೆಂಟ್ ಬಿಲ್ ₹7,450 ಬಂದಿದೆ, ಕಟ್ಟಲು ದುಡ್ಡಿಲ್ಲ. ಎಲ್ಲಿ ಸಹಾಯ ಸಿಗುತ್ತದೆ?

ಓದುಗರೊಬ್ಬರ ಪತ್ರ:

"ಸಾರ್, ನಾವು ಮಲೆನಾಡಿನ ಒಂದು ತಾಲೂಕು ಕೇಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಈ ಮನೆಗೆ ಬಂದೆವು. ಗೃಹಜ್ಯೋತಿಗೆ ಆಧಾರ್ ಜೋಡಿಸಿದ್ದೇವೆ, ಮೇ ತಿಂಗಳು ಸೊನ್ನೆ ಬಿಲ್ ಬಂತು. ನಮ್ಮ ಮಾವನಿಗೆ 71 ವರ್ಷ, ಯಾವ ಪಿಂಚಣಿಯೂ ಇಲ್ಲ. ಹೋದ ವರ್ಷ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಮಳೆ ಶುರುವಾದ ಮೇಲೆ ಚಳಿ ತಡೆಯುವುದಿಲ್ಲ ಅಂತ ಒಂದು ರೂಮ್ ಹೀಟರ್ ತಂದೆವು. ರಾತ್ರಿ ಒಂದೂವರೆ, ಎರಡು ಗಂಟೆ ಹಾಕುತ್ತೇವೆ. ಎರಡು ಹೊತ್ತು ಬಿಸಿನೀರೂ ಬೇಕು. ಜೂನ್‌ನಲ್ಲಿ 188 ಯೂನಿಟ್, ಜುಲೈನಲ್ಲಿ 214, ಆಗಸ್ಟ್‌ನಲ್ಲಿ 231 ಆಯಿತು. ಈಗ ಬಂದಿರುವ ಬಿಲ್ ₹7,450. ಅದರಲ್ಲಿ ಹಳೇ ಬಾಕಿ ಅಂತಲೂ ಇದೆ, ಅದು ನಮ್ಮದಲ್ಲ. ನಮ್ಮೆಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ, ಮಳೆಗಾಲದಲ್ಲಿ ಬಾಡಿಗೆ ಕಡಿಮೆ. ನಾನು ಶಾಲೆಯಲ್ಲಿ ಬಿಸಿಯೂಟ ಮಾಡುತ್ತೇನೆ. ಗೃಹಲಕ್ಷ್ಮಿ ದುಡ್ಡು ಬಂದರೆ ರೇಷನ್ನಿಗೇ ಸರಿಹೋಗುತ್ತದೆ. ಮುಂದಿನ ಸಲ ಬಂದಾಗ ಫ್ಯೂಸ್ ಕೀಳ್ತೀನಿ ಅಂತ ಲೈನ್‌ಮನ್ ಹೇಳಿ ಹೋಗಿದ್ದಾರೆ. 200 ಯೂನಿಟ್ ದಾಟಿದ್ದಕ್ಕೆ ನಿಮ್ಮ ಗೃಹಜ್ಯೋತಿ ಕ್ಯಾನ್ಸಲ್ ಆಯ್ತು ಅಂತ ಎಲ್ಲರೂ ಹೇಳುತ್ತಿದ್ದಾರೆ. ಪಕ್ಕದ ಮನೆಯವರು, ಹೀಟರ್‌ಗೆ ನಮ್ಮ ಮನೆಯಿಂದ ವೈರ್ ಎಳೆದುಕೊಳ್ಳಿ ಅಂದರು. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಅಲ್ಲಿ ಚಳಿಗಾಲದ ಬಿಲ್ ಕಟ್ಟಲು ಸರ್ಕಾರವೇ ದುಡ್ಡು ಕೊಡುತ್ತದೆ ಅಂದ. ನಮ್ಮಲ್ಲಿ ಹಾಗೇನಾದರೂ ಇದೆಯಾ? ಮಾವನನ್ನು ಕತ್ತಲೆಯಲ್ಲಿ, ಚಳಿಯಲ್ಲಿ ಕೂರಿಸುವ ಪರಿಸ್ಥಿತಿ ಬರುತ್ತದಾ ಅಂತ ನಿದ್ದೆ ಬರುತ್ತಿಲ್ಲ."

ಅಮ್ಮಾ, ಮೊದಲು ಒಂದು ಮಾತು. ನಿಮ್ಮ ಬಿಲ್ಲಿನ ಫೋಟೊ ಎರಡು ಸಲ ನೋಡಿದೆ. ₹7,450 ಪೂರ್ತಿ ನಿಮ್ಮ ತಲೆ ಮೇಲೆ ಬರುವ ದುಡ್ಡಲ್ಲ. ನಿಮ್ಮ ಗೃಹಜ್ಯೋತಿಯೂ ಕ್ಯಾನ್ಸಲ್ ಆಗಿಲ್ಲ. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ನಾನು ಮೂವತ್ತು ವರ್ಷ ವಿದ್ಯುತ್ ಇಲಾಖೆಯ ಕಂದಾಯ ಶಾಖೆಯಲ್ಲಿ ಇದ್ದವನು. ಕೌಂಟರ್ ಆಚೆ ನಿಂತು ಬಿಲ್ ಹಿಡಿದುಕೊಂಡು ಕಣ್ಣೀರು ಹಾಕಿದ ಎಷ್ಟೋ ಜನರನ್ನು ನೋಡಿದ್ದೇನೆ. ಅವರಲ್ಲಿ ತುಂಬ ಜನ ಫ್ಯೂಸ್ ಕಿತ್ತ ಮೇಲೆ ಬಂದವರು. ಹದಿನೈದು ದಿನ ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಅಂತ ಪ್ರತಿ ಸಲ ಅನಿಸುತ್ತಿತ್ತು. ನೀವು ಕಿತ್ತುಹಾಕುವ ಮೊದಲೇ ಕೇಳಿದ್ದೀರಿ, ಅದೇ ಅರ್ಧ ಕೆಲಸ.

ಫ್ಯೂಸ್ ಕೀಳುವ ಭಯದಿಂದಲೇ ಶುರು ಮಾಡೋಣ, ಯಾಕೆಂದರೆ ನಿದ್ದೆ ಕೆಡಿಸಿರುವುದು ಅದೇ ಅಲ್ವಾ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ, ಬಿಲ್ ಕಟ್ಟಿಲ್ಲ ಅಂತ ಸಂಪರ್ಕ ಕಡಿಯಬೇಕಾದರೆ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಾಯಿಮಾತು ನೋಟಿಸ್ ಅಲ್ಲ. ಆದರೆ ಇದನ್ನೇ ನಂಬಿ ಸುಮ್ನೆ ಕೂರಬೇಡಿ. ಆ ನೋಟಿಸ್ ಬಿಲ್ಲಿನಲ್ಲೇ ಅಚ್ಚಾಗಿರಬಹುದು. ಕೊನೆಯಲ್ಲಿರುವ ಸಣ್ಣಕ್ಷರದ ಸಾಲುಗಳನ್ನು, ಹಿಂಬದಿಯನ್ನು ಓದಿ, ಕಡೇ ದಿನಾಂಕ ಯಾವುದು ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಲೈನ್‌ಮನ್ ಮೇಲೆ ಸಿಟ್ಟು ಮಾಡಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಅವರ ಕೈಗೆ ಬಾಕಿದಾರರ ಪಟ್ಟಿ ಕೊಟ್ಟು ಕಳಿಸಿರುತ್ತಾರೆ. ಅವಧಿ ಕೊಡುವ, ಕಂತು ಮಾಡುವ ಅಧಿಕಾರ ಅವರಿಗೆ ಇರುವುದಿಲ್ಲ. ಅದು ಇರುವುದು ಉಪವಿಭಾಗದ ಕಚೇರಿಯಲ್ಲಿ, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಹತ್ತಿರ. ಜನ ಎಇಇ ಅಂತಾರಲ್ಲ, ಅವರು. ಅಲ್ಲಿಗೆ ಏನು ಬರೆದುಕೊಂಡು ಹೋಗಬೇಕು ಅಂತ ಕೊನೆಯಲ್ಲಿ ಹೇಳುತ್ತೇನೆ.

ಈಗ ಬಿಲ್ ಬಿಡಿಸೋಣ. ಪೈಸೆಗಳನ್ನು ಬಿಟ್ಟು ಲೆಕ್ಕ ಹೀಗಿದೆ. ಜೂನ್‌ದು ₹640. ಜುಲೈದು ₹1,720. ಆಗಸ್ಟ್‌ದು ₹1,835. ನೀವು ಮನೆಗೆ ಬರುವ ಮುಂಚಿನ ಹಳೇ ಬಾಕಿ ₹2,260. ಎಎಸ್‌ಡಿ ಅಂತ ₹900. ಮೇಲೆ ಬಡ್ಡಿ ₹95. ಇದರಲ್ಲಿ ನೀವು ಉರಿಸಿದ ಕರೆಂಟಿನ ದುಡ್ಡು ಮೊದಲ ಮೂರು ಮಾತ್ರ, ಅಂದರೆ ₹4,195, ಅದರ ಮೇಲಿನ ಸಣ್ಣ ಬಡ್ಡಿ ಸೇರಿದರೆ ₹4,225 ಆಸುಪಾಸು. ಇದೂ ನಿಮಗೆ ಚಿಕ್ಕ ಮೊತ್ತವಲ್ಲ ಅಂತ ಗೊತ್ತು. ಆದರೂ ಏಳೂವರೆ ಸಾವಿರದ ಭಯ ಬೇರೆ, ನಾಲ್ಕು ಸಾವಿರದ ಲೆಕ್ಕ ಬೇರೆ.

ಎಎಸ್‌ಡಿ ಅಂದರೆ ಹೆಚ್ಚುವರಿ ಭದ್ರತಾ ಠೇವಣಿ. ಬಳಕೆ ಜಾಸ್ತಿಯಾದಾಗ, ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸಮನಾಗಿ ಠೇವಣಿ ಇರಲಿ ಅಂತ ಕಂಪನಿ ಕೇಳುತ್ತದೆ. ಇದು ಖರ್ಚಲ್ಲ, ಠೇವಣಿ. ಅದಕ್ಕೆ ವರ್ಷಕ್ಕೊಮ್ಮೆ ಬಡ್ಡಿಯೂ ಜಮಾ ಆಗುತ್ತದೆ. ಮೀಟರ್ ಯಾರ ಹೆಸರಿನಲ್ಲಿದೆಯೋ ಅವರ ಖಾತೆಯಲ್ಲಿ ಆ ದುಡ್ಡು ಉಳಿಯುತ್ತದೆ. ನಾಳೆ ನೀವು ಮನೆ ಖಾಲಿ ಮಾಡಿದರೆ ನಿಮ್ಮ ಜೊತೆ ಬರುವುದಿಲ್ಲ. ಹಾಗಾಗಿ ಇದನ್ನು ಮನೆ ಓನರ್ ಕಟ್ಟುವುದೇ ನ್ಯಾಯ. ಬಾಡಿಗೆದಾರರು ಇದನ್ನೂ ಬಿಲ್ ಅಂತಲೇ ತಿಳಿದು ಕಟ್ಟಿಬಿಡುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹಳೇ ಬಾಕಿಯದು ಸ್ವಲ್ಪ ಸೂಕ್ಷ್ಮ. "ಅದು ಹಿಂದಿನ ಬಾಡಿಗೆಯವರದು, ನಮಗೆ ಸಂಬಂಧವಿಲ್ಲ" ಅನ್ನುವುದು ನಿಮ್ಮ ಮಟ್ಟಿಗೆ ಸತ್ಯ. ಆದರೆ ಕಂಪನಿಗೆ ಹಿಂದಿನ ಬಾಡಿಗೆಯವರೂ ಗೊತ್ತಿಲ್ಲ, ನೀವೂ ಗೊತ್ತಿಲ್ಲ. ಗೊತ್ತಿರುವುದು ಆರ್‌ಆರ್ ನಂಬರ್, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್. ಬಾಕಿ ಆ ನಂಬರಿನ ಮೇಲೆ ಕೂತಿರುತ್ತದೆ, ಕತ್ತರಿಸಿದರೆ ನೀವಿರುವ ಮನೆಯ ದೀಪವೇ ಆರುತ್ತದೆ. ಹೊಣೆ ಮೀಟರ್ ಹೆಸರಿರುವ ಓನರ್‌ದು, ಕಷ್ಟ ನಿಮ್ಮದು. ಅದಕ್ಕೇ ಓನರ್ ಜೊತೆ ಈ ವಾರವೇ ಮಾತಾಡಿ. ಜಗಳಕ್ಕಲ್ಲ. ನೀವು ಯಾವ ದಿನ ಮನೆಗೆ ಬಂದಿರಿ, ಆ ದಿನ ಮೀಟರ್ ರೀಡಿಂಗ್ ಎಷ್ಟಿತ್ತು, ಅದಕ್ಕೂ ಮುಂಚಿನ ಬಾಕಿ ಎಷ್ಟು ಅಂತ ಬಿಲ್ ತೋರಿಸಿ. ಅವರು ನೇರವಾಗಿ ಕಟ್ಟಿದರೆ ಒಳ್ಳೆಯದು. ಈಗ ಕೈಯಲ್ಲಿಲ್ಲ ಅಂದರೆ, ನೀವು ಕಟ್ಟಿ ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳುವ ದಾರಿ ಇದೆ. ಆದರೆ ಅದಕ್ಕೆ ಅವರು ಒಪ್ಪಿದ್ದು ಬರಹದಲ್ಲಿರಬೇಕು. ವಾಟ್ಸಾಪ್‌ನಲ್ಲಿ "ಹಳೇ ಬಾಕಿ ₹2,260 ಮತ್ತು ಠೇವಣಿ ₹900 ನೀವು ಕಟ್ಟಿ, ಬಾಡಿಗೆಯಲ್ಲಿ ಕಳೆದುಕೊಳ್ಳಿ" ಅಂತ ಒಂದು ಮೆಸೇಜ್ ಬಂದರೂ ಸಾಕು. ಬಾಯಿಮಾತಿನ ಮೇಲೆ ಕಟ್ಟಬೇಡಿ. ಅಡ್ವಾನ್ಸ್ ವಾಪಸ್ ಕೇಳುವ ದಿನ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ.

ಇನ್ನು ಗೃಹಜ್ಯೋತಿ. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವ ಯೋಜನೆಗೂ ಇಲ್ಲ ಅನಿಸುತ್ತದೆ. ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. 2023ರ ಆಗಸ್ಟ್‌ನಲ್ಲಿ ಬಂದ ಬಿಲ್ಲಿನಿಂದ ಈ ಯೋಜನೆ ಜಾರಿಯಾಯಿತು. ಆ ಆರ್‌ಆರ್ ನಂಬರಿನಲ್ಲಿ 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಕೆಯಾಗಿತ್ತೋ ಅದಕ್ಕೆ ಶೇಕಡ 10 ಸೇರಿಸಿ ಬರುವುದೇ ಆ ಮನೆಯ ಅರ್ಹ ಯೂನಿಟ್. ನಿಮ್ಮ ಮನೆಯ ಸರಾಸರಿ 84, ಅದಕ್ಕೆ ಅರ್ಹತೆ 92. ಆ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53ಕ್ಕೆ ಶೇಕಡ 10 ಸೇರಿಸಿ 58 ಕೊಡುತ್ತಾರೆ. ತೀರಾ ಕಡಿಮೆ, 48ರ ಒಳಗೆ ಬಳಸುವವರಿಗೆ 2024ರ ಜನವರಿಯಲ್ಲಿ ಶೇಕಡ 10ರ ಬದಲು 10 ಯೂನಿಟ್ ಹೆಚ್ಚುವರಿ ಮಾಡಿದರು.

ಬಳಕೆ 92ರ ಒಳಗಿದ್ದರೆ ನಿಮಗೆ ಸೊನ್ನೆ ಬಿಲ್. 93ರಿಂದ 200ರವರೆಗೆ ಇದ್ದರೆ 92ರ ಮೇಲಿನದಕ್ಕೆ ಮಾತ್ರ ದುಡ್ಡು. 201 ಆಯಿತೋ, ಆ ತಿಂಗಳು ಒಂದನೇ ಯೂನಿಟ್ಟಿನಿಂದ ಪೂರ್ತಿ ಕಟ್ಟಬೇಕು. ಆ ತಿಂಗಳು ಮಾತ್ರ. ಮುಂದಿನ ತಿಂಗಳು 200ರ ಒಳಗೆ ಬಂದರೆ 92 ಯೂನಿಟ್ ಮತ್ತೆ ತಾನಾಗೇ ಸಿಗುತ್ತದೆ. ಹೊಸ ಅರ್ಜಿ ಬೇಡ, ಯಾರ ಕೈಕಾಲೂ ಹಿಡಿಯಬೇಕಿಲ್ಲ. ಬಾಕಿಗಾಗಿ ಸಂಪರ್ಕ ಕಡಿದರೂ, ಬಾಕಿ ಕಟ್ಟಿ ಮರುಸಂಪರ್ಕ ಪಡೆದ ಮೇಲೆ ಯೋಜನೆ ಮುಂದುವರಿಯುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದಾರೆ ಅಂತ ಅರ್ಹ ಯೂನಿಟ್ ಜಾಸ್ತಿ ಮಾಡುವ ಅವಕಾಶ ಮಾತ್ರ ಇದರಲ್ಲಿ ಇಲ್ಲ. ಇರಬೇಕಿತ್ತು ಅಂತ ನನ್ನ ಅಭಿಪ್ರಾಯ. ನಿಮ್ಮ ಮಾವನಂಥವರಿಗೆ ಬಿಸಿನೀರು ಶೋಕಿಯಲ್ಲ.

ಈ 200ರ ಗೆರೆ ಎಷ್ಟು ದುಬಾರಿ ಅಂತ ನಿಮ್ಮದೇ ಬಿಲ್ಲಿನಲ್ಲಿ ನೋಡಿ. 2025ರ ಏಪ್ರಿಲ್‌ನಲ್ಲಿ ಬಂದ ದರದಂತೆ ಮನೆ ಬಳಕೆಗೆ ಯೂನಿಟ್‌ಗೆ ₹5.80. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ ₹145, ನಿಮ್ಮದು ಎರಡು ಕಿಲೋವ್ಯಾಟ್, ಹಾಗಾಗಿ ₹290. ನೌಕರರ ಪಿಂಚಣಿ ಬಾಬ್ತು ಯೂನಿಟ್‌ಗೆ 36 ಪೈಸೆ. ₹5.80ರ ಲೆಕ್ಕದ ಯೂನಿಟ್ ದುಡ್ಡಿನ ಮೇಲೆ ಮಾತ್ರ ಶೇಕಡ 9 ವಿದ್ಯುತ್ ತೆರಿಗೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಅದನ್ನು ಬಿಡೋಣ. ಜುಲೈನ 214 ಯೂನಿಟ್‌ಗೆ ₹1,720 ಆಗಿದ್ದು ಹೀಗೆ. ಅದೇ ತಿಂಗಳು ನಿಮ್ಮ ರೀಡಿಂಗ್ 199 ಇದ್ದಿದ್ದರೆ? 107 ಯೂನಿಟ್‌ಗೆ ಮಾತ್ರ ಲೆಕ್ಕ, ₹700 ಚಿಲ್ಲರೆ. ಬರೀ 15 ಯೂನಿಟ್ ನಿಮ್ಮ ಮೇಲೆ ಸಾವಿರ ರೂಪಾಯಿ ಹೊರೆ ಹಾಕಿದೆ. ನಿಮಗೆ ಸಿಗಬಹುದಾದ ದೊಡ್ಡ ಸಹಾಯ ಈ ಗೆರೆಯ ಒಳಗೇ ಇದೆ. ಅದು ಒಂದು ಸಲ ಅಲ್ಲ, ಪ್ರತಿ ತಿಂಗಳೂ ಸಿಗುತ್ತದೆ.

ಹಾಗಾದರೆ ಯೂನಿಟ್ ಎಲ್ಲಿ ಹೋಗುತ್ತಿದೆ? ಗೀಸರ್ ಕರೆಂಟ್ ಕುಡಿಯುತ್ತದೆ ಅಂತ ಎಲ್ಲರೂ ಅದನ್ನೇ ಬೈಯುತ್ತಾರೆ. 15 ಲೀಟರಿನ ಗೀಸರ್, ನಿಮ್ಮೂರಿನ ಮಳೆಗಾಲದ ತಣ್ಣೀರು ಇಪ್ಪತ್ತು ಡಿಗ್ರಿ ಅಂದುಕೊಂಡು ಐವತ್ತೈದಕ್ಕೆ ಕಾಯಿಸಿದರೆ ಖರ್ಚಾಗುವುದು ಸುಮಾರು 0.6 ಯೂನಿಟ್. ದಿನಕ್ಕೆ ಮೂರು ಸಲ ತುಂಬಿ ಕಾಯಿಸಿದರೂ ತಿಂಗಳಿಗೆ 55–60 ಯೂನಿಟ್. ಕಾದ ತಕ್ಷಣ ಸ್ವಿಚ್ ಆರಿಸಿದರೆ ಇಷ್ಟೇ. ಆನ್ ಮಾಡಿ ಮರೆತರೆ ಜಾಸ್ತಿ ಆಗುತ್ತದೆ, ನೀರು ಆರುತ್ತಾ ಆರುತ್ತಾ ಮತ್ತೆ ಮತ್ತೆ ಕಾಯುತ್ತಿರುತ್ತದೆ.

ನಿಜವಾದ ಹೊರೆ ಹೀಟರ್. 2000 ವ್ಯಾಟಿನ ಹೀಟರ್ ಒಂದು ಗಂಟೆ ಪೂರ್ತಿ ಉರಿದರೆ ಎರಡು ಯೂನಿಟ್. ರಾತ್ರಿ ಒಂದೂಮುಕ್ಕಾಲು ಗಂಟೆ ಅಂದರೆ ತಿಂಗಳಿಗೆ ನೂರರ ಮೇಲೆ. ಆಗಸ್ಟ್‌ನ 231ರಲ್ಲಿ ಫ್ರಿಜ್, ಮಿಕ್ಸಿ, ಟಿವಿ, ದೀಪ ಎಲ್ಲ ಸೇರಿ ಎಪ್ಪತ್ತು, ಗೀಸರ್ ಅರವತ್ತು, ಉಳಿದ ನೂರು ಹೀಟರ್‌ದೇ ಅಂತ ನನ್ನ ಅಂದಾಜು.

ಅಂದಾಜು ಯಾಕೆ, ನೀವೇ ನೋಡಿ. ರಾತ್ರಿ ಟಾರ್ಚ್ ತೆಗೆದುಕೊಂಡು ಮೀಟರ್ ಮುಂದೆ ಎರಡು ನಿಮಿಷ ನಿಲ್ಲಿ. ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಎಷ್ಟು ಸಲ ಮಿಟುಕಿದರೆ ಒಂದು ಯೂನಿಟ್ ಅಂತ ಮೀಟರ್ ಮುಖದ ಮೇಲೇ ಬರೆದಿರುತ್ತದೆ, ಎಷ್ಟೋ ಮೀಟರ್‌ಗಳಲ್ಲಿ ಅದು 3200. ಬರೀ ದೀಪ, ಫ್ರಿಜ್ ಇದ್ದಾಗ ಅದು ನಿಧಾನವಾಗಿ, ಬಿಟ್ಟು ಬಿಟ್ಟು ಮಿಟುಕುತ್ತದೆ. ಒಳಗಿನಿಂದ ಯಜಮಾನರಿಗೆ ಹೀಟರ್ ಹಾಕಲು ಹೇಳಿ. ಆ ಕೆಂಪು ದೀಪ ಒಮ್ಮೆಲೇ ಪಟಪಟ ಅಂತ ಓಡಲು ಶುರು ಮಾಡುತ್ತದೆ, 3200ರ ಮೀಟರ್ ಆದರೆ ನಿಮಿಷಕ್ಕೆ ನೂರು ಸಲದ ಮೇಲೆ. ಇದನ್ನು ಒಂದು ಸಲ ಕಣ್ಣಾರೆ ನೋಡಿದವರು ಹೀಟರ್ ಮರೆತು ಮಲಗುವುದಿಲ್ಲ. ಆಮೇಲೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಐದು ನಿಮಿಷ ಕಾಯಿರಿ. ಆಗಲೂ ದೀಪ ಮಿಟುಕುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಮಧ್ಯೆ ಬೇರೆ ಯಾರೋ ವೈರ್ ಸೇರಿಸಿದ್ದಾರೆ. ಹಾಗಿದ್ದರೆ ವಿಡಿಯೊ ಮಾಡಿಕೊಂಡು 1912ಕ್ಕೆ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮೀಟರಿನ ಸೀಲ್ ಮಾತ್ರ ಮುಟ್ಟಬೇಡಿ.

ಹೀಟರ್ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಸ್ಟ್ರೋಕ್ ಆದವರನ್ನು ಚಳಿಯಲ್ಲಿ ಇಡುವುದು ಸರಿಯಲ್ಲ. ಆದರೆ ನೀವು ಫೋಟೊದಲ್ಲಿ ಕಳಿಸಿರುವ ಹೀಟರ್‌ಗೆ ಎರಡು ಸ್ವಿಚ್ ಇವೆ. ಒಂದೇ ಹಾಕಿದರೆ 1000 ವ್ಯಾಟ್. ಮಾವ ಮಲಗುವ ರೂಮಿನ ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ಸುತ್ತಿಟ್ಟು, ಅವರು ಮಲಗುವ ಅರ್ಧ ಗಂಟೆ ಮೊದಲೇ ಒಂದು ಸ್ವಿಚ್ ಹಾಕಿ. ನೂರು ಯೂನಿಟ್ ಐವತ್ತಕ್ಕೆ ಇಳಿಯುತ್ತದೆ, 231 ಹೋಗಿ 181 ಆಗುತ್ತದೆ. ಆಗ ಬಿಲ್ ₹1,835 ಅಲ್ಲ, ₹600ರ ಒಳಗೆ. ಸಣ್ಣ ರೂಮ್ ಆದರೆ ಒಂದು ಸ್ವಿಚ್ಚಿನ ಶಾಖ ಸಾಕಾಗುತ್ತದೆ.

ತಿಂಗಳಿಗೆ ಎರಡು ಸಲ ರೀಡಿಂಗ್ ನೀವೇ ಬರೆಯಿರಿ. ಮೀಟರ್ ರೀಡರ್ ಬಂದು ಹೋದ ದಿನದ ಅಂಕಿ ಬಿಲ್ಲಿನಲ್ಲಿದೆ. ಹದಿನೈದನೇ ದಿನ ನೂರು ದಾಟಿದ್ದರೆ ಎಚ್ಚರವಾಗಿ. ಕೊನೆಯ ನಾಲ್ಕೈದು ದಿನ 185, 190ರ ಹತ್ತಿರ ಬಂದಿದ್ದರೆ ಆಗ ಮಾತ್ರ ನೀರನ್ನು ಗ್ಯಾಸಿನಲ್ಲಿ ಕಾಯಿಸಿ. ಯಾವಾಗಲೂ ಗ್ಯಾಸಿನಲ್ಲೇ ಕಾಯಿಸಿದರೆ ಉಳಿತಾಯ ಅನ್ನುವುದು ನಿಜವಲ್ಲ. ಒಲೆಯ ಶಾಖದಲ್ಲಿ ಒಂದಷ್ಟು ಪಾತ್ರೆಯ ಪಕ್ಕದಿಂದಲೇ ಹೋಗುತ್ತದೆ, ಸಿಲಿಂಡರ್ ಬೇಗ ಮುಗಿದು ಲೆಕ್ಕ ತಲೆಕೆಳಗಾಗುತ್ತದೆ. ಆದರೆ ಆ ನಾಲ್ಕು ದಿನ ಗೆರೆ ದಾಟದಂತೆ ತಡೆದರೆ ಸಾವಿರ ಉಳಿಯುತ್ತದೆ. ಓನರ್ ಮನೆ ಹಿತ್ತಲಲ್ಲಿ ಹಂಡೆ ಒಲೆ ಇದ್ದು ತೋಟದ ಸೌದೆ, ಅಡಿಕೆ ಸಿಪ್ಪೆ ಸಿಗುವುದಾದರೆ ಇನ್ನೂ ಒಳ್ಳೆಯದು, ಕೇಳಿ ನೋಡಿ. ಹಾಗೇ ಎರಡು ರೀಡಿಂಗ್ ನಡುವೆ ಎಷ್ಟು ದಿನ ಆಗಿದೆ ಅಂತಲೂ ನೋಡಿ. ಮೀಟರ್ ರೀಡರ್ ನಾಲ್ಕೈದು ದಿನ ತಡವಾಗಿ ಬಂದು ಅದರಿಂದ 200 ದಾಟಿದ್ದರೆ, ದಿನದ ಲೆಕ್ಕದಲ್ಲಿ ಸರಿಪಡಿಸಿ ಅಂತ ಬರೆದು ಕೇಳಬೇಕು.

ಒಂದು ವಿಷಯ ಕಡ್ಡಾಯವಾಗಿ ಹೇಳಬೇಕು. ಕರೆಂಟ್ ಉಳಿಸಲು ಬಾಂಡ್ಲಿಯಲ್ಲಿ ಕೆಂಡ ಹಾಕಿ ಮಾವನ ರೂಮಿನಲ್ಲಿ ಇಡುವ ಯೋಚನೆ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಹೊಗೆ ಕಾಣಿಸುವುದಿಲ್ಲ, ಮಲಗಿದವರು ಏಳುವುದೇ ಇಲ್ಲ. ಬಿಸಿನೀರಿನ ಬ್ಯಾಗ್ ಕೊಡಬಹುದು. ಆದರೆ ಸ್ಪರ್ಶ ಗೊತ್ತಾಗದ ಎಡಗಡೆಗೆ ಇಡಬೇಡಿ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಟವಲ್ ಸುತ್ತಿ ಬಲಗಡೆಗೆ ಇಡಿ.

ಪಕ್ಕದ ಮನೆಯವರು ವೈರ್ ಕೊಡುತ್ತೇವೆ ಅಂದಿದ್ದು ಒಳ್ಳೆ ಮನಸ್ಸಿನಿಂದಲೇ. ಆದರೆ ಬೇಡ. ಒಂದು ಮನೆಗೆ ಮಂಜೂರಾದ ವಿದ್ಯುತ್ತನ್ನು ಇನ್ನೊಂದು ಮನೆಗೆ ಕೊಟ್ಟರೆ ಅದೇ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಅನಧಿಕೃತ ಬಳಕೆ ಆಗುತ್ತದೆ, ಎರಡು ಪಟ್ಟು ದರದಲ್ಲಿ ಬಿಲ್ ಹಾಕುತ್ತಾರೆ. ದಂಡ ಬೀಳುವುದು ನಿಮಗಲ್ಲ, ಸಹಾಯ ಮಾಡಿದ ಅವರಿಗೆ. ಮಳೆಗಾಲದಲ್ಲಿ ಕಾಂಪೌಂಡ್ ಮೇಲಿಂದ ಎಳೆದ ವೈರಿನಲ್ಲಿ 2000 ವ್ಯಾಟ್ ಓಡಿಸುವ ಅಪಾಯ ಬೇರೆ. ಮೀಟರ್ ನಿಧಾನ ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ. ಅದು ಕಳ್ಳತನದ ಕೇಸ್.

ಈಗ ನಿಮ್ಮ ಮುಖ್ಯ ಪ್ರಶ್ನೆ. ದುಡ್ಡಿಗೆ ಸಹಾಯ ಎಲ್ಲಿ? ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಕಡಿಮೆ ಆದಾಯದವರ ಮನೆ ಬಿಸಿ ಮಾಡುವ ಖರ್ಚಿಗೆ 1981ರಿಂದ ಒಂದು ಸರ್ಕಾರಿ ಯೋಜನೆ ಇದೆ. ನಮ್ಮಲ್ಲಿ ಏರಿ ಕೂತ ಬಾಕಿಯನ್ನು ತೀರಿಸಿಕೊಡುವ ಅಂಥ ನಿಧಿ ಇಲ್ಲ. ಗೃಹಜ್ಯೋತಿಯೇ ನಮ್ಮ ನೆರವು, ಅದು ಮುಂದಿನ ಬಿಲ್ಲಿಗೆ ಆಗುತ್ತದೆ, ಹಿಂದಿನ ಬಾಕಿಗೆ ಆಗುವುದಿಲ್ಲ. ಛಾವಣಿ ಮೇಲೆ ಸೋಲಾರ್ ಹಾಕಿಸುವ ಸೂರ್ಯಘರ್ ಯೋಜನೆಯಲ್ಲಿ ಕರೆಂಟ್ ಫ್ರೀ ಅಂತ ಯಾರಾದರೂ ಹೇಳಿದರೆ, ಅದು ಸ್ವಂತ ಛಾವಣಿ ಇರುವವರಿಗೆ, ಮೊದಲು ಕೈಯಿಂದ ದುಡ್ಡು ಹಾಕಬೇಕು. ಬಾಡಿಗೆಯವರಿಗೆ ಅಲ್ಲ.

ಹಾಗಾಗಿ ಈ ₹4,225ಕ್ಕೆ ಮೊದಲ ದಾರಿ ಕಂತು. ಎಇಇ ಹತ್ತಿರ ಬರೆದು ಕೇಳಿ. ಕಂತು ಕೊಡಲೇಬೇಕು ಅಂತ ಹಕ್ಕಿನಿಂದ ಕೇಳುವಂಥದ್ದಲ್ಲ, ಅವರ ವಿವೇಚನೆಗೆ ಬಿಟ್ಟದ್ದು. ಆದರೆ ನನ್ನ ಅನುಭವ ಹೇಳುತ್ತೇನೆ. ಬರೀಕೈಯಲ್ಲಿ ಬಂದು "ಕಷ್ಟ ಇದೆ ಸಾರ್" ಅಂದವರಿಗಿಂತ, ಬಾಕಿಯ ಮೂರನೇ ಒಂದು ಭಾಗ ಕೈಯಲ್ಲಿ ಹಿಡಿದು, ಉಳಿದದ್ದು ಯಾವ ತಾರೀಕಿಗೆ ಕಟ್ಟುತ್ತೇನೆ ಅಂತ ಬರೆದು ತಂದವರಿಗೆ ಅಧಿಕಾರಿ ಇಲ್ಲ ಅನ್ನುವುದು ಕಷ್ಟ. ನೀವು ₹1,500 ಹೊಂದಿಸಿಕೊಂಡು ಹೋಗಿ. ಉಳಿದದ್ದಕ್ಕೆ ಎರಡು ಕಂತು ಕೇಳಿ. ತಡವಾದ ದುಡ್ಡಿಗೆ ತಿಂಗಳಿಗೆ ಶೇಕಡ 1 ಬಡ್ಡಿ ಬೀಳುತ್ತದೆ, ಅಂದರೆ ನಿಮಗೆ ಇಪ್ಪತ್ತು, ಮೂವತ್ತು ರೂಪಾಯಿ. ಹೊರಗಿನ ಯಾವ ಸಾಲಕ್ಕಿಂತಲೂ ಇದು ಅಗ್ಗ. ಅಪಾಯ ಏನೆಂದರೆ, ಒಂದು ಕಂತು ತಪ್ಪಿದರೂ ಒಪ್ಪಂದ ಮುರಿದ ಹಾಗೆ. ಆಮೇಲೆ ಎರಡನೇ ಸಲ ಯಾರೂ ಕೇಳಿಸಿಕೊಳ್ಳುವುದಿಲ್ಲ. ಜೊತೆಗೆ ಹೊಸ ತಿಂಗಳ ಬಿಲ್ಲನ್ನೂ ಕಟ್ಟುತ್ತಾ ಹೋಗಬೇಕು. ಹೀಟರ್ ಒಂದು ಸ್ವಿಚ್ಚಿಗೆ ಇಳಿಸುವುದು ಅದಕ್ಕೇ ಇವತ್ತಿನಿಂದಲೇ ಶುರುವಾಗಬೇಕು.

ಆ ₹1,500ಕ್ಕೆ ನಿಮ್ಮ ಸ್ವಸಹಾಯ ಸಂಘದ ಒಳಸಾಲ ಕೇಳಬಹುದು. ಸಂಘದ ಉಳಿತಾಯದಿಂದ ಕೊಡುವ ಸಾಲ ಬೇರೆ, ವಾರದ ಕಂತಿನ ಫೈನಾನ್ಸ್‌ನವರ ಸಾಲ ಬೇರೆ, ಎರಡನ್ನೂ ಸಂಘದ ಸಾಲ ಅಂತಲೇ ಜನ ಕರೆಯುತ್ತಾರೆ. ಎರಡನೆಯದು ಬೇಡ. ಮೊಬೈಲ್ ಆ್ಯಪ್ ಸಾಲ ಅಂತೂ ಮುಟ್ಟಲೇಬೇಡಿ. ಐದು ನಿಮಿಷದಲ್ಲಿ ಮೂರು ಸಾವಿರ ಕೊಟ್ಟು, ನಿಮ್ಮ ಫೋನಿನಲ್ಲಿರುವ ನಂಬರಿಗೆಲ್ಲ ಫೋನ್ ಮಾಡಿ ಮರ್ಯಾದೆ ಕಳೆಯುವ ಆ್ಯಪ್‌ಗಳಿವೆ. ಇನ್ನೊಂದು, "ನಿಮ್ಮ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ" ಅಂತ ಮೆಸೇಜ್ ಬಂದರೆ ಅದು ಮೋಸ. ಬಾಕಿ ಇರುವವರು ಭಯದಲ್ಲಿ ಬೇಗ ಬೀಳುತ್ತಾರೆ. ಕೌಂಟರಿನಲ್ಲಿ ಕಟ್ಟಿ ರಸೀದಿ ತೆಗೆದುಕೊಳ್ಳಿ.

ಮಾವನ ಹೆಸರಿನಲ್ಲಿ ಯಾವ ಪಿಂಚಣಿಯೂ ಇಲ್ಲ ಅಂತ ಬರೆದಿದ್ದೀರಿ, ವಯಸ್ಸು 71. ಇದು ನನಗೆ ತುಂಬ ಬೇಸರದ ವಿಷಯ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ₹1,200 ಇದೆ. ಅಂಗವಿಕಲರ ವೇತನವೂ ಇದೆ, ತೀವ್ರ ಪ್ರಮಾಣದ ವೈಕಲ್ಯಕ್ಕೆ ₹1,400. ಎರಡೂ ಒಟ್ಟಿಗೆ ಸಿಗುವುದಿಲ್ಲ, ಆದಾಯದ ಮಿತಿಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಂಗವಿಕಲರ ಗುರುತಿನ ಚೀಟಿಗೆ (ಯುಡಿಐಡಿ ಕಾರ್ಡ್) ತಪಾಸಣೆ ಮಾಡಿಸಿ, ವೈಕಲ್ಯ ಶೇಕಡಾವಾರು ಎಷ್ಟು ಬರುತ್ತದೆ ನೋಡಿ, ಯಾವುದು ಲಾಭವೋ ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ತಿಂಗಳುಗಟ್ಟಲೆ ಓಡಾಟ ಆಗಬಹುದು, ಈ ಬಿಲ್ಲಿಗಂತೂ ಆಗುವುದಿಲ್ಲ. ಆದರೆ ಮುಂದಿನ ಮಳೆಗಾಲಕ್ಕೆ ಅವರ ಬಿಸಿನೀರಿನ ಖರ್ಚು ಅವರದೇ ದುಡ್ಡಿನಲ್ಲಿ ನಡೆಯುತ್ತದೆ.

ಕಚೇರಿಯಲ್ಲಿ ಕೇಳಿಸಿಕೊಳ್ಳದಿದ್ದರೆ? ಹಳೇ ಬಾಕಿಯ ಬಗ್ಗೆ ನಿಮ್ಮ ತಕರಾರು ಲಿಖಿತದಲ್ಲಿ ಇರಲಿ. ತಕರಾರು ಇರುವಾಗ, ಕೇಳಿದ ಪೂರ್ತಿ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತ, ಎರಡರಲ್ಲಿ ಕಡಿಮೆ ಯಾವುದೋ ಅದನ್ನು "ಆಕ್ಷೇಪಣೆಯೊಂದಿಗೆ" ಅಂತ ಬರೆದು ಕಟ್ಟಿದರೆ, ತೀರ್ಮಾನ ಆಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಇದೂ 56ನೇ ಕಲಮಿನಲ್ಲೇ ಇದೆ. ಮೀಟರ್ ಓನರ್ ಹೆಸರಿನಲ್ಲಿರುವುದರಿಂದ ಈ ತಕರಾರಿಗೆ ಅವರ ಸಹಿಯನ್ನೂ ಹಾಕಿಸಿ. ಆಮೇಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್. ನಿಮ್ಮ ವಿಷಯ ಅಲ್ಲಿವರೆಗೆ ಹೋಗಲಾರದು ಅಂತ ನನ್ನ ನಂಬಿಕೆ.

ಅರ್ಜಿಯನ್ನು ಹೀಗೆ ಬರೆಯಿರಿ, ಇಷ್ಟು ಸಾಕು:

"ಮಾನ್ಯರೇ, ನಾನು ಮೇಲ್ಕಂಡ ಆರ್‌ಆರ್ ನಂಬರಿನ ಮನೆಯಲ್ಲಿ ಏಪ್ರಿಲ್‌ನಿಂದ ಬಾಡಿಗೆಗಿದ್ದೇನೆ. ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿದೆ. ಜೂನ್, ಜುಲೈ, ಆಗಸ್ಟ್ ತಿಂಗಳ ಬಿಲ್ ₹4,195 ಹಾಗೂ ಅದರ ಬಡ್ಡಿಯನ್ನು ಕಟ್ಟಲು ಒಪ್ಪಿದ್ದೇನೆ. ಈ ದಿನ ₹1,500 ಕಟ್ಟುತ್ತಿದ್ದೇನೆ. ಉಳಿದದ್ದನ್ನು ಮುಂದಿನ ಎರಡು ತಿಂಗಳು 10ನೇ ತಾರೀಕಿಗೆ ಎರಡು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕು. ಏಪ್ರಿಲ್‌ಗೂ ಹಿಂದಿನ ಬಾಕಿ ₹2,260 ಮತ್ತು ಹೆಚ್ಚುವರಿ ಠೇವಣಿ ₹900 ಮನೆ ಮಾಲೀಕರಿಗೆ ಸಂಬಂಧಿಸಿದ್ದು, ಅವರ ಪತ್ರ ಲಗತ್ತಿಸಿದೆ. ಮನೆಯಲ್ಲಿ ಪಾರ್ಶ್ವವಾಯು ಪೀಡಿತ ಹಿರಿಯರಿದ್ದಾರೆ, ವೈದ್ಯರ ಚೀಟಿ ಲಗತ್ತಿಸಿದೆ. ಅಲ್ಲಿಯವರೆಗೆ ಸಂಪರ್ಕ ಕಡಿಯಬಾರದಾಗಿ ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಆಮೇಲೆ ಅಧಿಕಾರಿಗಳು ಲೈನ್ ಮೇಲೆ ಹೊರಟುಬಿಡುತ್ತಾರೆ. ಸೀಲ್ ಬಿದ್ದ ಪ್ರತಿ ಮತ್ತು ₹1,500ರ ರಸೀದಿಯ ಜೆರಾಕ್ಸ್ ಒಂದನ್ನು ಮೀಟರ್ ಪಕ್ಕದ ಕಿಟಕಿಯಲ್ಲೇ ಇಡಿ, ಮನೆಯಲ್ಲಿ ಮಾವ ಒಬ್ಬರೇ ಇದ್ದಾಗ ಲೈನ್‌ಮನ್ ಬಂದರೂ ಅವರ ಕಣ್ಣಿಗೆ ಬೀಳುವ ಹಾಗೆ.